ಏಳು ಚಿತ್ರ, ಒಂದು ಬಿಟ್ಟ ನೆರಳು

ರಾತ್ರಿ ಒಂದೂವರೆಯ ಹೊತ್ತಿಗೆ ಎಲ್ಲೋ ಕಟಕಟ ಎಂದು ಸಣ್ಣ ಸದ್ದು ಕೇಳಿತು. ಇಲಿ ಎಂದುಕೊಂಡೆ. ಎದ್ದು ದೀಪ ಹಾಕಿದೆ, ಸದ್ದು ನಿಂತಿತು. ಆರಿಸಿ ಮಲಗಿದೆ, ಸ್ವಲ್ಪ ಹೊತ್ತಿಗೆ ಮತ್ತೆ ಕಟಕಟ. ಮೂರನೆಯ ಸಲ ಉಸಿರು ಬಿಗಿಹಿಡಿದು ಕೇಳಿಸಿಕೊಂಡಾಗ ಗೊತ್ತಾಯಿತು, ಸದ್ದು ಬರುತ್ತಿದ್ದುದು ನನ್ನ ಬಾಯೊಳಗಿಂದಲೇ. ಹಲ್ಲು ಕಡಿಯುತ್ತಿದ್ದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರು ಬೇಕಾದಷ್ಟು ಜನ ಇದ್ದಾರೆ. ಎಚ್ಚರವಾಗಿದ್ದುಕೊಂಡೇ ಕಡಿದು, ತಪ್ಪನ್ನು ಇಲಿಯ ತಲೆಗೆ ಕಟ್ಟಿದವಳು ನಾನೊಬ್ಬಳೇ ಇರಬೇಕು.

ಬೆಳಗಾದರೆ ಎಂಟು ಗಂಟೆಗೆ ಬಯಲು ಚಿತ್ರಕಲಾ ಶಿಬಿರ ಶುರು. ಆರು ದಿನದ ಶಿಬಿರ, ಏಳನೆಯ ದಿನ ಪ್ರದರ್ಶನ. ಕಲಿಸುವವಳು ನಾನು. ಪ್ರದರ್ಶನ ನೋಡಲು ಹೊರಗಿನಿಂದ ಒಬ್ಬ ಪರಿವೀಕ್ಷಕರು ಬರುತ್ತಾರೆ, ಅವರು ಒಪ್ಪಿದರೆ ಊರಿನ ಶಾಲೆಯ ಚಿತ್ರಕಲಾ ಶಿಕ್ಷಕಿಯ ಕೆಲಸ ನನಗೆ ಖಾಯಂ. ಒಪ್ಪದಿದ್ದರೆ ಮತ್ತೆ ಅಣ್ಣನ ಮನೆ. ಅಲ್ಲಿ ನನ್ನ ಹಾಸಿಗೆ ನಡುಮನೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ. ಅತ್ತಿಗೆ ಕೆಟ್ಟವಳಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಯಂತ್ರ ಹಾಕುವ ಮುಂಚೆ ನನ್ನನ್ನು ಎಬ್ಬಿಸಿ, "ಸ್ವಲ್ಪ ಕಾಲು ಮಡಿಸ್ಕೊಳಮ್ಮ" ಎನ್ನುತ್ತಾಳೆ. ಮೂವತ್ತೊಂಬತ್ತು ವರ್ಷದ ಹೆಂಗಸು ದಿನಾ ಕಾಲು ಮಡಿಸಿಕೊಂಡು ಎಷ್ಟು ವರ್ಷ ಮಲಗಬಹುದು?

ಇಲ್ಲೊಂದು ವಿಷಯ ಹೇಳಿಬಿಡಬೇಕು. ನಾನು ಬಯಲಿನಲ್ಲಿ ಕೂತು ಒಂದೇ ಒಂದು ಚಿತ್ರವನ್ನೂ ಬರೆದವಳಲ್ಲ. ಅರ್ಜಿಯಲ್ಲಿ ಮಾತ್ರ "ಬಯಲು ಚಿತ್ರಣದಲ್ಲಿ ಹನ್ನೆರಡು ವರ್ಷಗಳ ಅನುಭವ" ಎಂದು ಬರೆದಿದ್ದೆ. ಹನ್ನೆರಡು ವರ್ಷ ನಿಜ. ಒಂದು ಟ್ಯುಟೋರಿಯಲ್ಲಿನ ಹಿಂದಿನ ಕೋಣೆಯಲ್ಲಿ ಹೂಜಿ, ಸೇಬು, ಮಡಿಸಿದ ಟವೆಲ್ಲು ಇಟ್ಟು ಪರೀಕ್ಷೆಗೆ ತಯಾರು ಮಾಡಿಸುತ್ತಿದ್ದೆ. ಪಾಠದ ಹೊತ್ತಿನಲ್ಲಿ ಕಿಟಕಿಯನ್ನು ಯಾವಾಗಲೂ ತೆರೆದೇ ಇಡುತ್ತಿದ್ದೆ. ಬಯಲು ಎಂಬ ಪದಕ್ಕೆ ನನ್ನ ಬಳಿ ಇದ್ದ ಆಧಾರ ಅಷ್ಟೇ. ಸಂದರ್ಶನದ ದಿನ, ಶಾಲೆಯನ್ನೂ ಶಿಬಿರವನ್ನೂ ನಡೆಸುವ ವಾಚನಾಲಯ ಸಮಿತಿಯ ಕಾರ್ಯದರ್ಶಿ ಅಂಬುಜಾಕ್ಷಮ್ಮನವರು ಆ ಸಾಲನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಎತ್ತರದ ಹೆಂಗಸು, ಮೊಣಕೈಗೆ ಸದಾ ಒಂದು ಕಪ್ಪು ಚೀಲ, ನೇರ ಬೆನ್ನು. ಓದಿಸಿ, ಕನ್ನಡಕದ ಮೇಲಿನಿಂದ ನೋಡಿ, "ನೋಡಿ ವಾರಿಜಾ ಅವರೇ, ಕೆಲಸ ಬರದೆ ಇದ್ರೆ ನಾನು ಸಹಿಸ್ಕೋತೀನಿ. ಸುಳ್ಳು ಹೇಳಿದವರನ್ನ ಮಾತ್ರ ಒಂದು ದಿನಾನೂ ಇಟ್ಕೊಳ್ಳಲ್ಲ" ಎಂದರು. ನಾನು ತಲೆ ಆಡಿಸಿದೆ. ಯಾವ ಕಡೆಗೆ ಆಡಿಸಿದೆ ಎಂದು ಈಗಲೂ ನೆನಪಿಲ್ಲ.

ಆದ್ದರಿಂದ ಹಲ್ಲು ಕಡಿದ ಆ ರಾತ್ರಿಯ ಬೆಳಗಿನ ಜಾವ ಒಂದು ಉಪಾಯ ಹೊಳೆಯಿತು. ನನ್ನ ಬಳಿ ಬಯಲಿನಲ್ಲಿ ಚಿತ್ರ ಬರೆಯುವ ಬಗ್ಗೆ ಒಂದು ಕೈಪಿಡಿ ಇತ್ತು, ರಟ್ಟು ಕಿತ್ತುಹೋಗಿತ್ತು. ಶಿಬಿರ ನಡೆಯುವ ಹಳೆಯ ಗಾಣದಂಗಳಕ್ಕೆ ಸೂರ್ಯ ಹುಟ್ಟುವ ಹೊತ್ತಿಗೇ ಹೋಗಿ, ಆ ದಿನದ ಪಾಠವನ್ನು ನಾನೇ ಮೊದಲು ಕಲಿತು, ಏಳಕ್ಕೆ ಮೊದಲೇ ಹಿತ್ತಿಲ ದಾರಿಯಿಂದ ಮನೆಗೆ ಬಂದು, ಸೀರೆ ಬದಲಾಯಿಸಿ, ಎಂಟಕ್ಕೆ ಮುಂಬಾಗಿಲಿನಿಂದ ಆಗ ತಾನೇ ಬಂದವಳ ಹಾಗೆ ಹೋಗಿ ಕಲಿಸುವುದು. ಒಂದು ಗಂಟೆಗೂ ಹೆಚ್ಚಿನ ಬಿಡುವು. ಈ ಊರಿನಲ್ಲಿ ಅಷ್ಟು ಬಿಡುವು ಧಾರಾಳವಾಯಿತು ಎಂದು ಲೆಕ್ಕ ಹಾಕಿದ್ದೆ.

ಯಾಕೆಂದರೆ ಈ ಊರಿನಲ್ಲಿ ಮನುಷ್ಯ ಎದ್ದು ಹೋದ ಮೇಲೂ ಅವನ ನೆರಳು ಸ್ವಲ್ಪ ಹೊತ್ತು ಕೂತಲ್ಲೇ ಕೂತಿರುತ್ತದೆ. ಬಿಸಿ ಕಾಫಿ ಆರುವಷ್ಟು ಹೊತ್ತು, ಆಮೇಲೆ ಮಾಸಿ ಹೋಗುತ್ತದೆ. ನಡೆದಾಡುವಾಗ ಬಿದ್ದದ್ದು ಉಳಿಯುವುದಿಲ್ಲ, ನಿಂತಲ್ಲಿ ಕೂತಲ್ಲಿ ಬಿದ್ದದ್ದು ಉಳಿಯುತ್ತದೆ. ಅದಕ್ಕೆ ಬಿಟ್ಟ ನೆರಳು ಎನ್ನುತ್ತಾರೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಬಿಟ್ಟ ನೆರಳಿದ್ದರೆ ಅದರ ಪಕ್ಕಕ್ಕೆ ಸರಿದು ಕೂರುತ್ತಾರೆ. ಕ್ಷೌರದಂಗಡಿಯಲ್ಲಿ ಕುರ್ಚಿ ಖಾಲಿಯಾದರೂ ನೆರಳು ಏಳುವತನಕ ಮುಂದಿನವನನ್ನು ಕರೆಯುವುದಿಲ್ಲ. ಗುಟ್ಟಿನ ಮಾತುಕತೆ ಎಲ್ಲ ಮೋಡ ಕವಿದ ದಿನಗಳಿಗೆ ಮೀಸಲು. ಮೂಲವ್ಯಾಧಿಯ ವೈದ್ಯರಂತೂ ಆ ದಿನಗಳಲ್ಲಿ ಬಿಟ್ಟರೆ ಬಾಗಿಲೇ ತೆರೆಯುವುದಿಲ್ಲ. ಇವೆಲ್ಲಕ್ಕೂ ಮೇಲೆ ಒಂದು ಕಟ್ಟಳೆ ಇದೆ. ಬಿಟ್ಟ ನೆರಳನ್ನು ದಿಟ್ಟಿಸಿ ನೋಡಬಾರದು. ಅದು ಇಂಥವರದು ಎಂದು ಹೆಸರು ಹೇಳಲಂತೂ ಕೂಡದು, ಅವರ ಎದುರಿಗೂ ಹೇಳಬಾರದು, ಬೆನ್ನ ಹಿಂದೆಯೂ ಹೇಳಬಾರದು. ನಾನು ಬಂದು ಮೂರು ತಿಂಗಳಾಗಿತ್ತು. ಹೊಸಬಳಾದ್ದರಿಂದ ಊರಿನವರಿಗಿಂತ ಒಂದು ಕೈ ಹೆಚ್ಚಾಗಿಯೇ ಕಟ್ಟಳೆ ಪಾಲಿಸುತ್ತಿದ್ದೆ. ಕಣ್ಣಂಚಿಗೆ ಏನಾದರೂ ಕಪ್ಪಗೆ ಕಂಡರೆ ಸಾಕು, ಮುಖ ತಿರುಗಿಸಿ ಹವಾಮಾನದ ಬಗ್ಗೆ ಮಾತು ತೆಗೆಯುತ್ತಿದ್ದೆ.

ಮೊದಲ ದಿನ ಏಳು ಜನ ಬಂದರು. ಹಿಟ್ಟಿನ ಗಿರಣಿಯ ಪುಟ್ಟನಂಜಮ್ಮ, ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು. ದರ್ಜಿ ವಾಜಿದ್ ಸಾಬರು, ಕೊರಳಲ್ಲಿ ಅಳತೆಯ ಟೇಪು. ಬಸ್ ಕಂಡಕ್ಟರಾಗಿ ನಿವೃತ್ತರಾದ ಬೋರಲಿಂಗಯ್ಯ, ಎಪ್ಪತ್ತನಾಲ್ಕು ವರ್ಷ, ಮೆಲ್ಲಗೆ ಮಾತಾಡಿದರೂ ಹಿಂದಿನ ಸೀಟಿನವರೆಗೆ ಕೇಳಿಸುವ ಗಂಟಲು. ಉಳಿದ ನಾಲ್ವರು ಆಸ್ಪತ್ರೆಯ ನರ್ಸಮ್ಮಂದಿರು, ಪಾಳಿ ಹೊಂದಿಸಿಕೊಂಡು ಬಂದವರು. ಗಾಣದಂಗಳದಲ್ಲಿ ಉದ್ದನೆಯ ಒಂದು ಸುಣ್ಣದ ಗೋಡೆ, ಒಂದು ಹೊಂಗೆ ಮರ, ಒಡೆದ ಕಲ್ಲುಬಾನಿ. ಅದನ್ನು ಬರೆಯಿರಿ ಎಂದೆ. ಮೊದಲು ನಾನು ಬರೆದು ತೋರಿಸಿದೆ. ಬೆಳಗಿನ ಜಾವ ಆರು ಸಲ ಕೆಡಿಸಿ ಏಳನೆಯ ಸಲ ಬಂದ ಹೊಂಗೆ ಮರವನ್ನು ಅವರೆದುರು ಈಗ ತಾನೇ ಹೊಳೆದಂತೆ ಬಿಡಿಸುತ್ತ, "ನೋಡಿ, ಜಾಸ್ತಿ ಯೋಚನೆ ಮಾಡಬಾರದು. ಕೈ ತಾನಾಗೇ ಹರೀಬೇಕು" ಎಂದೆ. ಏಳೂ ಜನ ನನ್ನ ಕೈ ನೋಡಿದರು, ಆಮೇಲೆ ಗೋಡೆಯ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಬೆಳಕನ್ನು ಗಮನಿಸುತ್ತಿದ್ದಾರೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಹತ್ತೂವರೆಗೆ ಅವರ ಚಿತ್ರಗಳನ್ನು ನೋಡಿದರೆ ಒಂದರಲ್ಲೂ ನೆರಳೇ ಇಲ್ಲ. ಮರ ಗಾಳಿಯಲ್ಲಿ ತೇಲುತ್ತಿದೆ, ಬಾನಿ ತೇಲುತ್ತಿದೆ, ಗೋಡೆಯೂ ನೆಲ ಬಿಟ್ಟು ನಾಲ್ಕು ಬೆರಳು ಮೇಲಿದೆ.

"ನೆರಳೆಲ್ಲಿ?" ಎಂದೆ.

ಏಳೂ ಜನ ಕುಂಚದ ತುದಿ ಒರೆಸತೊಡಗಿದರು. ಕೊನೆಗೆ ಬೋರಲಿಂಗಯ್ಯ ಗಂಟಲು ಸರಿಮಾಡಿಕೊಂಡರು. "ನೆರಳು ಬರೆಯೋದು ಸರಿಹೋಗಲ್ಲ ಅಂತ ಬುಟ್ವಿ, ಮೇಡಮ್ಮನೋರೆ."

"ನೆರಳಿಲ್ಲದ ಚಿತ್ರಕ್ಕೆ ಜೀವ ಇರಲ್ಲ. ಕಂಡದ್ದನ್ನ ಕಂಡ ಹಾಗೇ ಬರೀಬೇಕು."

"ಎಲ್ಲಾ ನೆರಳೂನಾ?"

"ಎಲ್ಲಾ."

"ಬಿಟ್ಟು ಹೋಗಿರೋವೂನಾ?" ಎಂದು ಪುಟ್ಟನಂಜಮ್ಮ ಕೇಳಿದರು. ಅವರು ನನ್ನನ್ನು ನೋಡಿದ ರೀತಿಯಲ್ಲಿ ಒಂದು ಎಚ್ಚರಿಕೆ ಇತ್ತು. ಇನ್ನೊಬ್ಬರಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ನನಗೆ ಕೈಪಿಡಿಯ ಹದಿನಾಲ್ಕನೆಯ ಪುಟದ ವಾಕ್ಯ ಬಾಯಿಗೇ ಬಂದುಬಿಟ್ಟಿತು. "ಚಿತ್ರಕಾರನ ಕಣ್ಣಿಗೆ ಸಂಕೋಚ ಇರಬಾರದು. ಹೆಸರು ಹೇಳೋದು ಬೇಡ, ಆಕಾರ ಬರೆದರೆ ಸಾಕು."

"ಆಯ್ತು ಕಣಮ್ಮ. ನೀವೇ ಹೇಳಿದ್ಮೇಲೆ" ಎಂದು ಪುಟ್ಟನಂಜಮ್ಮ ಕುಂಚ ತೊಳೆಯಲು ಹೋದರು.

ಮಂಗಳವಾರದಿಂದ ನೆರಳು ಬರತೊಡಗಿತು. ಮರದ ನೆರಳು ಚೆನ್ನಾಗಿತ್ತು, ಬಾನಿಯದು ಪರವಾಗಿಲ್ಲ. ಆದರೆ ಏಳು ಜನರ ಚಿತ್ರದಲ್ಲೂ ಗೋಡೆಯ ಮೇಲೆ ಒಂದು ಕಪ್ಪು ಮುದ್ದೆ. ಕೂತ ಮನುಷ್ಯನ ಬಿಟ್ಟ ನೆರಳು ಇರಬೇಕು, ಯಾರೋ ದಾರಿಹೋಕರು ದಣಿವಾರಿಸಿಕೊಂಡು ಹೋಗಿದ್ದಾರೆ ಎಂದುಕೊಂಡೆ. ಗೋಡೆಯನ್ನು ನಾನು ತಿರುಗಿ ನೋಡಲಿಲ್ಲ, ಕಟ್ಟಳೆ. ಕಾಗದದ ಮೇಲಿದ್ದುದನ್ನು ಮಾತ್ರ ತಿದ್ದಿದೆ. ಅದಕ್ಕೆ ಕಟ್ಟಳೆ ಇರಲಿಲ್ಲ.

"ಪುಟ್ಟನಂಜಮ್ಮನೋರೆ, ಇದೇನು, ಕಂಬಳಿ ಹೊದ್ದ ಆಮೆ ಥರ ಇದೆ? ಮನುಷ್ಯರಿಗೆ ಕುತ್ತಿಗೆ ಹೀಗಿರತ್ತಾ?"

"ಇದೆಯಲ್ಲಮ್ಮ" ಎಂದರು ಅವರು, ಕಾಗದದಿಂದ ಕಣ್ಣೆತ್ತದೆ.

ವಾಜಿದ್ ಸಾಬರ ಚಿತ್ರದಲ್ಲಿ ಬೆನ್ನು ಇನ್ನೂ ಬಾಗಿತ್ತು. "ಸಾಬ್ರೆ, ನೀವು ದರ್ಜಿ ಆಗಿ ಹೀಗೆ ಬರೆದರೆ ಹೇಗೆ? ಇಷ್ಟು ಗೂನು ಹಾಕ್ಕೊಂಡು ಯಾರು ಕೂರ್ತಾರೆ? ನೋಡೋಕೆ ಹಿಂಸೆ ಆಗತ್ತೆ."

ವಾಜಿದ್ ಸಾಬರು ಟೇಪನ್ನು ಎರಡೂ ಕೈಯಲ್ಲಿ ಚಿತ್ರದ ಬೆನ್ನಿಗೆ ಹಿಡಿದು ನೋಡಿದರು. "ಅಳತೆ ತಪ್ಪಿಲ್ಲ ಮೇಡಂ" ಎಂದಷ್ಟೇ ಹೇಳಿದರು. ಒಬ್ಬ ನರ್ಸಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊಂಗೆ ಮರದ ಹಿಂದಕ್ಕೆ ಹೋದಳು. ಬಿಸಿಲಿಗೆ ತಲೆ ಸುತ್ತಿರಬೇಕು ಎಂದು ನಾನು ನೀರು ಕಳಿಸಿದೆ.

ಬುಧವಾರ, ಗುರುವಾರ, ಶುಕ್ರವಾರ ಹೀಗೇ ನಡೆಯಿತು. ದಿನಾ ಬೆಳಗಿನ ಜಾವ ನಾನು ಬಿಸಿಲಿಗೆ ಮಗ್ಗುಲಾಗಿ, ಕೈಪಿಡಿಯನ್ನು ಮೂಗಿಗೆ ಹಿಡಿದು, ಗೋಡೆಯ ಪಕ್ಕ ಕೂತು ಕಲಿಯುತ್ತಿದ್ದೆ. ದಿನಾ ಎಂಟಕ್ಕೆ ಬಂದು ಹರಿಯುವ ಕೈಯ ಬಗ್ಗೆ ಮಾತಾಡುತ್ತಿದ್ದೆ. ದಿನಾ ಆ ದಾರಿಹೋಕರ ನೆರಳು ಅವರ ಚಿತ್ರಗಳಲ್ಲಿ ಬರುತ್ತಿತ್ತು. ಶುಕ್ರವಾರ ಅಂಬುಜಾಕ್ಷಮ್ಮನವರು ನೋಡಲು ಬಂದರು. ಏಳು ಜನರ ಹಿಂದೆ ಒಂದು ಸುತ್ತು ಹಾಕಿದರು, ಗೋಡೆಯತ್ತ ಒಮ್ಮೆ ನೋಡಿದರು, ನನ್ನತ್ತ ಒಮ್ಮೆ ನೋಡಿದರು, ಚೀಲವನ್ನು ಎಡ ಮೊಣಕೈಯಿಂದ ಬಲ ಮೊಣಕೈಗೆ ಬದಲಾಯಿಸಿಕೊಂಡು ಹೋದರು. ನನಗೆ ಅದು ಮೆಚ್ಚುಗೆಯ ಹಾಗೆ ಕಂಡಿತು ಎಂದರೆ ನನ್ನ ಕಣ್ಣಿನ ಯೋಗ್ಯತೆ ಎಷ್ಟೆಂದು ನೀವೇ ತಿಳಿದುಕೊಳ್ಳಬಹುದು.

ಶನಿವಾರ ಸಂಜೆ ಅಂಬುಜಾಕ್ಷಮ್ಮನವರೇ ನಿಂತು ವಾಚನಾಲಯದಲ್ಲಿ ಚಿತ್ರಗಳನ್ನು ತೂಗುಹಾಕಿಸಿದರು. ದಾರ ಹಿಡಿದು ಮಟ್ಟ ನೋಡಿ ಮೊಳೆ ಹೊಡೆಸಿದರು. ಆರು ಚಿತ್ರ ಉದ್ದಗೋಡೆಯ ಮೇಲೆ, ಏಳನೆಯದಕ್ಕೆ ಅಲ್ಲಿ ಜಾಗ ಸಾಲದೆ ಬಾಗಿಲಿನ ಪಕ್ಕ. "ಪಟ್ಟಿ ಪರಿವೀಕ್ಷಕರಿಗೆ ಹೋಗಿದೆ. ಇನ್ನು ಯಾರೂ ಒಂದು ಚಿತ್ರಾನೂ ಮುಟ್ಟೋ ಹಾಗಿಲ್ಲ" ಎಂದರು. ನಾನು ಹಿಂದೆ ಸರಿದು ಎಲ್ಲವನ್ನೂ ಒಟ್ಟಿಗೆ ನೋಡಿದೆ.

ಒಂದೊಂದಾಗಿ ನೋಡಿದಾಗ ಮುದ್ದೆಯಾಗಿದ್ದುದು ಸಾಲಾಗಿ ನೋಡಿದಾಗ ಹೆಂಗಸಾಯಿತು. ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ಬೆನ್ನು ಗೂನು, ಕುತ್ತಿಗೆ ಆಮೆಯದು. ಬಲಗೈಯಲ್ಲಿ ಕುಂಚ. ಎಡಗೈಯಲ್ಲಿ ಬಿಡಿಸಿ ಹಿಡಿದ ಪುಸ್ತಕ, ಮೂಗಿಗೆ ತಾಗುವಷ್ಟು ಹತ್ತಿರ. ನಾಲಿಗೆಯ ತುದಿ ಹೊರಗೆ. ತುರುಬಿನಲ್ಲಿ ಅಡ್ಡಲಾಗಿ ಒಂದು ಪೆನ್ಸಿಲ್ಲು. ಇಷ್ಟು ಪೆದ್ದಾಗಿ ಕೂತವಳು ಯಾರಿರಬಹುದು ಎಂದು ನಗು ಬಂತು. ನಗುತ್ತಲೇ ಕೈ ತಲೆಗೆ ಹೋಯಿತು. ತುರುಬಿನಲ್ಲಿ ಪೆನ್ಸಿಲ್ಲು ಸಿಕ್ಕಿತು.

ಹೊರಗೆ ಮೆಟ್ಟಿಲ ಮೇಲೆ ಪುಟ್ಟನಂಜಮ್ಮ ಕೂತಿದ್ದರು. ಪಕ್ಕದಲ್ಲಿ ಕುಸಿದೆ.

"ನನಗೆ ಯಾಕೆ ಹೇಳಲಿಲ್ಲ?"

"ಏನು ಹೇಳೋದು?"

"ಅದು ನನ್ನ..."

"ಶ್!" ಎಂದು ಅವರು ನನ್ನ ಮೊಣಕಾಲು ಅದುಮಿದರು. "ಯಾರದೋ ಒಬ್ರದು. ಯಾರದು ಅಂತ ನಮಗೇನು ಗೊತ್ತು?"

"ಒಂದು ಗಂಟೆ ಮುಂಚೇನೇ ಎದ್ದು ಹೋಗ್ತಿದ್ದೆ. ಅಂದರೆ, ಆ ಯಾರೋ ಒಬ್ಬರು ಎದ್ದು ಹೋಗ್ತಿದ್ದರು. ಅಷ್ಟು ಹೊತ್ತು ನೆರಳು ಇರಲ್ಲವಲ್ಲ?"

ಪುಟ್ಟನಂಜಮ್ಮ ಸೆರಗಿನಿಂದ ಹುಬ್ಬು ಒರೆಸಿಕೊಂಡರು, ಹಿಟ್ಟು ಉದುರಿತು. "ನೆಮ್ಮದಿಯಾಗಿರೋರ ನೆರಳು ಬೇಗ ಎದ್ದೋಯ್ತದೆ ತಾಯಿ. ಎದೆ ಹೊಡ್ಕೊಂಡು ಕೂತಿದ್ದೋರದು ಬೇಗ ಏಳಾಕಿಲ್ಲ. ಆ ಒಬ್ರದು ಬೇಕ್ರಿ ಮುಂದೆ ದಿನಾ ಮಧ್ಯಾಹ್ನದ ಗಂಟ ನಿಂತಿರ್ತದೆ. ಪಾಪ, ಅರ್ಧ ಕೇಜಿ ರಸ್ಕು ಕೇಳಾಕೆ ಮೊದ್ಲು ಅದೆಷ್ಟು ಹೊತ್ತು ಬಾಯಲ್ಲೇ ಹೇಳಿಕೊಂಡು ನಿಂತಿದ್ರೋ. ಪೋಸ್ಟಾಫೀಸ್ ಮುಂದೆ ನಿಂತಿರ್ತದೆ. ಬಾವಿಕಟ್ಟೆ ಹತ್ರ ನಿಂತಿರ್ತದೆ. ಬೇಕ್ರಿಯೋನು ಅದನ್ನ ಸುತ್ತಾಕ್ಕೊಂಡೇ ಕಸ ಗುಡಿಸ್ತಾನೆ."

ಮೂರು ತಿಂಗಳು. ನಾನು ಊರಿಗೆ ಬಂದ ದಿನದಿಂದ, ನನ್ನ ಎಲ್ಲ ಅಳುಕುಗಳೂ ಬೀದಿ ಬೀದಿಯಲ್ಲಿ ಮಧ್ಯಾಹ್ನದವರೆಗೆ ನಿಂತಿರುತ್ತಿದ್ದವು. ನಾನೊಬ್ಬಳೇ ಅವನ್ನು ತಿರುಗಿ ನೋಡಿರಲಿಲ್ಲ. ಈ ವಿಷಯವನ್ನು ನನಗೆ ಯಾರೂ ಹೇಳುವಂತೆಯೂ ಇರಲಿಲ್ಲ. ಹೇಳಿದರೆ ನನ್ನ ನೆರಳಿನ ಹೆಸರು ಹೇಳಿದಂತಾಗುತ್ತಿತ್ತು.

"ಕಲಿಸೋಕೆ ಬರಲ್ಲ ಅಂತ ಸೋಮವಾರವೇ ಗೊತ್ತಾಗಿದ್ದರೆ ಆರು ದಿನ ಯಾಕೆ ಬಂದಿರಿ?"

"ಯಾಕೆ ಅಂದ್ರೆ? ನನ್ ಮಿಲ್ಲಿಗೂ ಗಿರಾಕಿ ಬರಾಕೆ ಮುಂಚೆ ಹೋಗಿ ನಾನು ಕಲ್ಲು ಸರಿ ಮಾಡ್ಕೊತೀನಿ. ಗಿರಾಕಿ ಮುಂದೆ ಮಾಡಕ್ಕಾಯ್ತದಾ?" ಎಂದು ಪುಟ್ಟನಂಜಮ್ಮ ಎದ್ದರು. "ನೀವು ಆಮೆ ಅಂದ್ರಲ್ಲ, ಅದೊಂದು ನಂಗೆ ಬೇಜಾರಾಯ್ತು. ಕುತ್ತಿಗೆ ನಾನು ಸರಿಯಾಗೇ ಬರ್ದಿದ್ದೆ."

ಅವರ ಸಮಾಧಾನ ಆ ರಾತ್ರಿಗಷ್ಟೇ ಸಾಕಾಗುವಂಥದು. ಊರಿನವರಿಗೆ ಕಟ್ಟಳೆ ಇದೆ, ಪರಿವೀಕ್ಷಕರಿಗೆ ಇಲ್ಲ. ಕುಂಚ ಒಂದು ಕೈಯಲ್ಲಿ, ಕೈಪಿಡಿ ಇನ್ನೊಂದು ಕೈಯಲ್ಲಿ ಹಿಡಿದು ಕೂತ ಹೆಂಗಸನ್ನು ಏಳು ಸಲ ನೋಡಿದ ಮೇಲೆ, ಎದುರಿಗೆ ಅದೇ ತುರುಬಿನ ಶಿಕ್ಷಕಿ ನಿಂತಿದ್ದರೆ, ಹನ್ನೆರಡು ವರ್ಷದ ಅನುಭವದ ಕಥೆ ಮುಗಿಯಿತು. ಚಿತ್ರಗಳನ್ನು ತೆಗೆಸುವ ಹಾಗಿಲ್ಲ. ವಾಚನಾಲಯದ ಬೀಗದ ಕೈ ಅಂಬುಜಾಕ್ಷಮ್ಮನವರ ಸೊಂಟದಲ್ಲಿ, ಇನ್ನೊಂದು ಕೈಯೇ ಇಲ್ಲ. ಉಳಿದದ್ದು ಒಂದೇ ದಾರಿ, ಪರಿವೀಕ್ಷಕರು ಕೇಳುವ ಮುಂಚೆ ನಾನೇ ನಿಜ ಹೇಳಿಬಿಡುವುದು. ಮನೆಗೆ ಹೋಗಿ ತಪ್ಪೊಪ್ಪಿಗೆ ಬರೆದೆ. ಮೊದಲನೆಯದು ನಾಲ್ಕು ಪುಟವಾಯಿತು. ಎರಡನೆಯದರಲ್ಲಿ ಕಿಟಕಿ ತೆರೆದಿಡುತ್ತಿದ್ದೆ ಎಂಬ ವಾದ ಮತ್ತೆ ನುಸುಳಿತು, ಹರಿದೆ. ಮೂರನೆಯದು ಎರಡೇ ಸಾಲು. ಅದನ್ನು ಬಾಯಿಪಾಠ ಮಾಡಿಕೊಂಡೆ.

ಭಾನುವಾರ ಹನ್ನೊಂದಕ್ಕೆ ಪರಿವೀಕ್ಷಕರು ಬಂದರು. ಗಿಡ್ಡ ಮನುಷ್ಯ, ಕೈಯಲ್ಲಿ ಒಂದು ನೋಟ್‌ಬುಕ್ಕು. ಅಂಬುಜಾಕ್ಷಮ್ಮನವರು ಬಾಗಿಲು ಪೂರ್ತಿ ತೆರೆದು ಗೋಡೆಗೆ ಒರಗಿಸಿ ಅವರನ್ನು ಒಳಗೆ ಕರೆದರು. ಏಳು ಶಿಬಿರಾರ್ಥಿಗಳೂ ಮದುವೆಗೆ ಬಂದವರಂತೆ ಉಟ್ಟು ತೊಟ್ಟು ಸಾಲಾಗಿ ನಿಂತಿದ್ದರು. ನಾನು ಮುಂದೆ ಬಂದು, "ಸರ್, ನೋಡೋ ಮುಂಚೆ ಒಂದು ಮಾತು" ಎಂದೆ. ಅಷ್ಟರಲ್ಲಿ ಅವರು ಮೊದಲ ಚಿತ್ರದ ಮುಂದೆ ನಿಂತಾಗಿತ್ತು.

"ಇದು ಯಾರ ನೆರಳು?"

ಹೊರಗಿನವರು ಹೀಗೆ ಕೇಳಿಬಿಟ್ಟರೆ ಊರಿನಲ್ಲೊಂದು ಪದ್ಧತಿಯಿದೆ, ಅಲ್ಲಿರುವವರ ಪೈಕಿ ಹಿರಿಯರು 'ನನ್ನದು' ಎಂದು ಹೇಳಿ ಮಾತು ಮುಗಿಸುತ್ತಾರೆ. ಬೋರಲಿಂಗಯ್ಯ ಒಂದು ಹೆಜ್ಜೆ ಮುಂದೆ ಬಂದರು. ನೂರು ಕೇಜಿಯ ಆಳು, ಬೋಳು ತಲೆ.

"ನಂದು ಸ್ವಾಮಿ."

ಪರಿವೀಕ್ಷಕರು ಚಿತ್ರ ನೋಡಿದರು, ಬೋರಲಿಂಗಯ್ಯನವರನ್ನು ನೋಡಿದರು. "ತುರುಬು ಇದೆಯಲ್ರೀ?"

"ಆವಾಗ ಇತ್ತು."

"ಯಾವಾಗ?"

"ಬುಧವಾರ."

ನಾನು ಕಣ್ಣು ಮುಚ್ಚಿಕೊಂಡು, ಬಾಯಿಪಾಠ ಮಾಡಿದ ಎರಡು ಸಾಲನ್ನು ಹೇಳಲು ಬಾಯಿ ತೆರೆದೆ. ಪರಿವೀಕ್ಷಕರ ದನಿ ಅದಕ್ಕಿಂತ ಮೊದಲು ಬಂತು. "ಅದಿರಲಿ, ಕೋಳಿ ಹಿಡ್ಕೊಂಡು ಅಲ್ಲೇನು ಮಾಡ್ತಿದ್ರಿ?"

ಕಣ್ಣು ಬಿಟ್ಟೆ. ಎಡಗೈಯಲ್ಲಿ ಪುಸ್ತಕ ಇರಲಿಲ್ಲ. ಬಿಡಿಸಿದ ಪುಸ್ತಕದ ಎರಡು ಮಗ್ಗುಲು ಎರಡು ರೆಕ್ಕೆಯಾಗಿದ್ದವು. ಮೇಲೊಂದು ಜುಟ್ಟು, ಪಕ್ಕಕ್ಕೊಂದು ಕೊಕ್ಕು, ಕೆಳಗೆ ಕಾಲು. ಬಲಗೈಯ ಕುಂಚಕ್ಕೆ ಎರಡೂ ಕಡೆ ಕಾಳು ಮೂಡಿ ತೆನೆಯಾಗಿತ್ತು. ಎರಡನೆಯ ಚಿತ್ರ ನೋಡಿದೆ, ಕೋಳಿ. ಮೂರನೆಯದು, ಕೋಳಿ. ಏಳರಲ್ಲೂ ಆ ಹೆಂಗಸು ಕೋಳಿಯನ್ನು ಮೂಗಿನ ಹತ್ತಿರ ಹಿಡಿದು ತೆನೆ ತಿನ್ನಿಸುತ್ತಿದ್ದಳು. ನಾಲಿಗೆ ಮಾತ್ರ ಹಾಗೇ ಹೊರಗಿತ್ತು, ಕೋಳಿಯನ್ನು ಮುದ್ದಿಸುತ್ತಿರುವವಳ ಹಾಗೆ ಕಾಣುತ್ತಿತ್ತು. ಬೋರಲಿಂಗಯ್ಯನವರೂ ಒಂದು ಗಳಿಗೆ ಬೆಪ್ಪಾದರು. ಆದರೆ ಮೂವತ್ತು ವರ್ಷ ತುಂಬಿದ ಬಸ್ಸಿನಲ್ಲಿ ಉತ್ತರ ಕೊಟ್ಟ ಬಾಯಿ.

"ಮೇಯಿಸ್ತಿದ್ದೆ ಸ್ವಾಮಿ. ಮೊಟ್ಟೆ ಇಡ್ತಿರಲಿಲ್ಲ. ರಮಿಸಬೇಕಲ್ಲ."

ಪರಿವೀಕ್ಷಕರು ತಲೆದೂಗಿ ಬರೆದುಕೊಂಡರು. ಏಳೂ ಚಿತ್ರ ನೋಡಿದರು. ಸುಣ್ಣದ ಗೋಡೆಯ ಬೆಳಕು ಚೆನ್ನಾಗಿ ಬಂದಿದೆ ಎಂದರು. ನನ್ನತ್ತ ತಿರುಗಿ, "ಒಂದು ಮಾತು ಅಂದ್ರಲ್ಲ, ಏನು?" ಎಂದರು.

ಈಗ ಹೇಳಬಹುದಿತ್ತು. ಹೇಳಿದರೆ ನನ್ನ ಸುಳ್ಳಿನ ಜೊತೆಗೆ ಬೋರಲಿಂಗಯ್ಯನವರದೂ ಹೊರಬೀಳುತ್ತಿತ್ತು, ಕೋಳಿ ಬರೆದವರದೂ. ಏಳು ಜೋಡಿ ಕಣ್ಣು ನನ್ನ ಮೇಲಿದ್ದವು. "ಬೆಳಕಿಗೆ ಅಡ್ಡ ನಿಲ್ಲಬೇಡಿ ಅನ್ನೋಣ ಅಂತ ಇದ್ದೆ, ಸರ್" ಎಂದೆ. ಮಾತು ತೂಗಿ ಆಡುವವಳು ಎಂದು ನನಗೆ ನನ್ನ ಬಗ್ಗೆ ಇದ್ದ ಅಭಿಮಾನ ಅವತ್ತಿಗೆ ಮುಗಿಯಿತು. ಅವರು ಪಾಪ, ಪಕ್ಕಕ್ಕೆ ಸರಿದರು.

ವರದಿಯನ್ನು ಅಲ್ಲೇ ಬರೆದುಕೊಟ್ಟರು. ಶಿಬಿರಾರ್ಥಿಗಳು ಸುತ್ತಲ ಬದುಕನ್ನು ಸೂಕ್ಷ್ಮವಾಗಿ ಗಮನಿಸಿದ್ದಾರೆ, ಶಿಕ್ಷಕಿಯ ನೇಮಕಕ್ಕೆ ಶಿಫಾರಸು. ಕೊನೆಯಲ್ಲಿ ಒಂದು ಸಾಲು: 'ಕೋಳಿಯ ರಚನೆಯಲ್ಲಿ ಹೆಚ್ಚಿನ ತರಬೇತಿ ಅಗತ್ಯ. ಎರಡು ಕೋಳಿಗಳಿಗೆ ತಲಾ ಮೂರು ಕಾಲುಗಳಿವೆ.' ಕೆಲಸ ಸಿಕ್ಕ ಸಂತೋಷದ ನಡುವೆಯೂ ಆ ಸಾಲು ನನ್ನನ್ನು ಚುಚ್ಚಿತು. ನಾನು ಕಲಿಸಿದ್ದರೆ ಮೂರು ಕಾಲು ಬರುತ್ತಿರಲಿಲ್ಲ.

ಅಂಬುಜಾಕ್ಷಮ್ಮನವರು ಪರಿವೀಕ್ಷಕರನ್ನು ಬಸ್ಸಿಗೆ ಬಿಡಲು ಹೋದರು. ನಾನು ಏಳು ಜನರನ್ನೂ ಹಿಡಿದು ಕೇಳಿದೆ.

"ನಾನಲ್ಲಪ್ಪ. ರಮಿಸ್ತಿದ್ದೆ ಅಂತ ಹೇಳಿ ನನ್ ಮಾನಾನೇ ಹೋಯ್ತು. ಮೊದಲೇ ಗೊತ್ತಿದ್ರೆ ಬೇರೆ ಏನಾದ್ರೂ ಹೇಳ್ತಿದ್ದೆ" ಎಂದರು ಬೋರಲಿಂಗಯ್ಯ.

"ನನ್ನ ಚಿತ್ರದಲ್ಲಿ ಎಡಗೈ ಒಂದು ಇಂಚು ಉದ್ದ ಆಗೋಗಿದೆ ಮೇಡಂ. ಯಾರು ಮಾಡಿದ್ರೋ ಅವರಿಗೆ ಕೋಳಿ ಅಂದ್ರೂ ಗೊತ್ತಿಲ್ಲ, ಕೈ ಅಂದ್ರೂ ಗೊತ್ತಿಲ್ಲ" ಎಂದು ವಾಜಿದ್ ಸಾಬರು ನೊಂದುಕೊಂಡರು. ನರ್ಸಮ್ಮಂದಿರು ನಕ್ಕು ನಕ್ಕು ಸುಸ್ತಾಗಿದ್ದರು, ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಪುಟ್ಟನಂಜಮ್ಮ, "ಇರೋದು ಒಂದೇ ಬೀಗದ ಕೈಯಲ್ವಾ?" ಎಂದು ಶುರುಮಾಡಿ, ತಾವೇ ಬಾಯಿ ಮುಚ್ಚಿಕೊಂಡರು. "ಗೇಟ್ ಹತ್ರ ಕಾದಿರ್ತೀನಿ ಕಣಮ್ಮ, ಬೇಗ ಬನ್ನಿ."

ಎಲ್ಲರೂ ಹೋದ ಮೇಲೆ ಚಿತ್ರಗಳನ್ನು ಇಳಿಸತೊಡಗಿದೆ. ಆರು ಇಳಿಸಿದೆ. ಏಳನೆಯದರ ಚೌಕಟ್ಟು ಗೋಡೆಗೆ ಒರಗಿಸಿದ್ದ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಬಾಗಿಲನ್ನು ಎಳೆದು ಮುಚ್ಚಿದೆ.

ಬಾಗಿಲ ಹಿಂದಿನ ಗೋಡೆಯ ಮೇಲೆ, ಪೂರ್ವದ ಕಿಟಕಿಗೆ ಎದುರಾಗಿ, ಒಂದು ಬಿಟ್ಟ ನೆರಳು ಇತ್ತು. ಬೆಳಗಿನ ಬಿಸಿಲಿನದು. ಈಗ ಮಧ್ಯಾಹ್ನ ಒಂದು ಗಂಟೆ. ಆದರೂ ಅಂಚು ಕೂಡ ಮಾಸಿರಲಿಲ್ಲ. ಎತ್ತರದ ಹೆಂಗಸು. ಮೊಣಕೈಯಲ್ಲಿ ಚೀಲ, ಅದನ್ನು ಕೆಳಗಿಡಲೂ ಧೈರ್ಯವಾಗಿರಲಿಲ್ಲವೇನೋ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಬೆನ್ನು ಗೂನು, ಕುತ್ತಿಗೆ ಮುಂದಕ್ಕೆ. ಕೈಯಲ್ಲಿ ಕುಂಚ, ಅದರ ತುದಿ ನಡುಗಿದ್ದರಿಂದ ಆ ಒಂದು ಕಡೆ ಮಾತ್ರ ನೆರಳು ಎರಡೆರಡಾಗಿ ಬಿದ್ದಿತ್ತು. ನಾಲಿಗೆಯ ತುದಿ ಹೊರಗೆ.

ದಿಟ್ಟಿಸಬಾರದು. ನಾನು ದಿಟ್ಟಿಸಿದೆ. ಆ ನೇರ ಬೆನ್ನು ನನ್ನ ಅರ್ಜಿಯ ಸುಳ್ಳಿಗಾಗಿ ಎಷ್ಟು ಹೊತ್ತು ಹೀಗೆ ಬಾಗಿ ನಿಂತಿತ್ತೋ ಎಂದು ಲೆಕ್ಕ ಹಾಕುತ್ತ ನಿಂತೆ.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಬಾಗಿಲನ್ನು ಥಟ್ಟನೆ ಪೂರ್ತಿ ತೆರೆದು ಗೋಡೆಗೆ ಒರಗಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತುಕೊಂಡೆ. ಅಂಬುಜಾಕ್ಷಮ್ಮನವರು ಒಳಗೆ ಬಂದರು. ಮೇಜಿನ ಮುಂದೆ ಕೂತು ನೇಮಕದ ಕಾಗದ ತೆಗೆದು, ಎರಡು ಸಲ ಓದಿ, ಸಹಿ ಮಾಡಿದರು. ಬಲಗೈಯ ಹೆಬ್ಬೆರಳಿನ ಉಗುರಿನಲ್ಲಿ ಕಪ್ಪು ಬಣ್ಣ ಉಳಿದಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ.

"ಬಾಗಿಲಿಗೆ ಯಾಕೆ ಹಾಗೆ ಅಂಟಿಕೊಂಡಿದ್ದೀರಿ?" ಎಂದರು.

"ಗಾಳಿಗೆ ಹೊಡ್ಕೊಳ್ಳತ್ತೆ, ಅದಕ್ಕೆ."

ಗಾಳಿ ಇರಲಿಲ್ಲ. ಅವರು ನನ್ನನ್ನು, ಬಾಗಿಲನ್ನು, ಮತ್ತೆ ನನ್ನನ್ನು ನೋಡಿದರು. ಕಿವಿಯ ತುದಿ ಕೆಂಪಾಯಿತು. ಕಾಗದವನ್ನು ನನ್ನ ಕಡೆಗೆ ಚಾಚಿ, "ಮುಂದಿನ ಶಿಬಿರದಲ್ಲಿ ಕೋಳಿ ಬರೆಯೋದು ಸೇರಿಸಿ. ವರದಿಯಲ್ಲೇ ಇದೆಯಲ್ಲ" ಎಂದರು. ಆಮೇಲೆ ಚೀಲದ ಹಿಡಿಯನ್ನು ತಿರುವುತ್ತ, "ಸೇರ್ಕೊಳ್ಳೋದಕ್ಕೆ ವಯಸ್ಸಿನ ಮಿತಿ ಏನೂ ಇಲ್ಲ ತಾನೇ?" ಎಂದು ಕೇಳಿದರು.

"ಇಲ್ಲ" ಎಂದೆ.

"ಸರಿ. ನೀವು ಹೊರಡಿ. ಬಾಗಿಲು ನಾನು ಹಾಕ್ಕೋತೀನಿ. ಸಂಜೆ ಹಾಕ್ಕೋತೀನಿ."

ಗೇಟಿನ ಹತ್ತಿರ ಪುಟ್ಟನಂಜಮ್ಮ ಕಾದಿದ್ದರು. ಕೈಯಲ್ಲಿದ್ದ ಕಾಗದ ನೋಡಿ ನನ್ನ ಕೆನ್ನೆ ಹಿಂಡಿದರು, ಕೆನ್ನೆಗೆಲ್ಲ ಹಿಟ್ಟಾಯಿತು. ನಾಲ್ಕು ಹೆಜ್ಜೆ ನಡೆದ ಮೇಲೆ ತಡೆಯಲಾರದೆ, "ಒಳಗೆ ಇಷ್ಟೊತ್ತು ಏನ್ ಮಾಡ್ತಿದ್ರಿ? ಕೋಳಿ ಯಾರು ಬರ್ದಿದ್ದು ಅಂತ ಏನಾದ್ರೂ ಗೊತ್ತಾಯ್ತಾ?" ಎಂದು ಪಿಸುಗುಟ್ಟಿದರು.

ಹೇಳಲು ಬಾಯಿ ತುರಿಸುತ್ತಿತ್ತು. ಅಷ್ಟು ರುಚಿಯಾದ ಸುದ್ದಿ ನನ್ನ ಜೀವಮಾನದಲ್ಲಿ ನನ್ನೊಬ್ಬಳ ಬಳಿ ಎಂದೂ ಇದ್ದದ್ದಿಲ್ಲ. "ಮೊಳೆ ಬಿಗಿಯಾಗಿತ್ತು, ಕೀಳೋದಕ್ಕೆ ತಡ ಆಯ್ತು" ಎಂದೆ. ಅವರು ನನ್ನ ಮುಖವನ್ನು ಒಂದು ಸಲ ನೋಡಿ, "ಹೂಂ, ಮೋಡ ಆಗಂಗದೆ" ಎಂದು ಆಕಾಶ ತೋರಿಸಿದರು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. "ಹೌದು, ಆಗೋ ಹಾಗಿದೆ" ಎಂದು ನಾನೂ ಹೇಳಿದೆ. ಅಣ್ಣನಿಗೆ ಆ ರಾತ್ರಿ ಪತ್ರ ಬರೆಯುವಾಗಲೂ ಕೆಲಸ ಸಿಕ್ಕಿತು ಎಂಬ ಒಂದು ಸಾಲು ಬಿಟ್ಟರೆ ಇನ್ನೇನೂ ಬರೆಯುವುದಿಲ್ಲ, ಬಾಗಿಲ ಹಿಂದೆ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಡೆಯುತ್ತ ನಡೆಯುತ್ತ ನಿರ್ಧರಿಸಿದೆ.